ಕಣ್ಣಿನ ಮೆಲನೋಮ: ನೋವಿಲ್ಲದೆ ಬೆಳೆಯುವ ಗಡ್ಡೆ

ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳು ಕಣ್ಣಿನೊಳಗೂ ಇವೆ. ಅವು ಹದ್ದುಮೀರಿ ಬೆಳೆದಾಗ ಹುಟ್ಟುವ ಕ್ಯಾನ್ಸರೇ ಕಣ್ಣಿನ ಮೆಲನೋಮ. ಬಹುಪಾಲು ಇದು ಅಕ್ಷಿಪಟದ ಹಿಂದಿರುವ, ರಕ್ತನಾಳಗಳು ಕಿಕ್ಕಿರಿದ ಕೊರಾಯ್ಡ್ ಪದರದಲ್ಲಿ ಕಾಣಿಸಿಕೊಳ್ಳುತ್ತದೆ. ಬಿಳಿಯರಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೆ ಐದಾರು ಮಂದಿಗೆ ಬರುವ ಈ ರೋಗ ಭಾರತೀಯರಲ್ಲಿ ತೀರ ವಿರಳ. ಬಂದರೆ ಮಾತ್ರ ಬಿಳಿಯರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುವುದುಂಟು.

ಗಡ್ಡೆ ಬೆಳೆಯುವಾಗ ಸಾಮಾನ್ಯವಾಗಿ ನೋವಿರುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ. ದೃಷ್ಟಿ ಮಂಜಾಗಬಹುದು, ಮಿಂಚು ಹೊಳೆದಂತಾಗಬಹುದು, ಒಂದು ಪಕ್ಕ ಕಪ್ಪು ಪರದೆ ಇಳಿದಂತೆ ಅನಿಸಬಹುದು. ಏನೂ ಅನಿಸದೆಯೂ ಇರಬಹುದು. ವಿಜಯಪುರ ಜಿಲ್ಲೆಯ ಮಮದಾಪುರ, ತಿಕೋಟಾ, ಬಬಲೇಶ್ವರದ ಕಡೆ ಕಣ್ಣು ಮಂಜಾದರೆ ಮೊದಲು ನೆನಪಾಗುವುದು ಪೊರೆ. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೂ ಪೊರೆ ತೆಗೆಯುವ ಮುನ್ನ ಹನಿ ಹಾಕಿ, ಪಾಪೆ ಹಿಗ್ಗಿಸಿ, ಕಣ್ಣಿನ ಹಿಂಭಾಗ ನೋಡಲೇಬೇಕು. ಪೊರೆ ದಟ್ಟವಾಗಿ ಒಳಗೇನೂ ಕಾಣದಿದ್ದರೆ ಬಿ-ಸ್ಕ್ಯಾನ್ ಇದೆ. ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ, ಶಬ್ದತರಂಗ ಹಾಯಿಸಿ, ಕೆಲವೇ ನಿಮಿಷಗಳಲ್ಲಿ ಗಡ್ಡೆಯ ದಪ್ಪ ಅಳೆಯುತ್ತಾರೆ. ಗಡ್ಡೆ ಮೇಲಿನ ತೆಳುಪೊರೆಯನ್ನು ಒಡೆದು ಬಂದಿದ್ದರೆ ಅಣಬೆಯ ಆಕಾರ ಕಾಣುತ್ತದೆ. ಮೇಲೆ ಕಿತ್ತಳೆ ಬಣ್ಣದ ಕಣಗಳು, ಅಕ್ಷಿಪಟದಡಿ ನೀರು ಇದ್ದರೆ ಅನುಮಾನ ಬಲವಾಗುತ್ತದೆ. ನುರಿತವರು ಬಹಳಷ್ಟು ಸಲ ತುಣುಕು ತೆಗೆಯದೆಯೇ ರೋಗ ನಿರ್ಧರಿಸುತ್ತಾರೆ.

ಹಿಂದೆ ಕಣ್ಣು ತೆಗೆಯುವುದೇ ಮುಖ್ಯ ಚಿಕಿತ್ಸೆಯಾಗಿತ್ತು. ಅಮೆರಿಕ ಮತ್ತು ಕೆನಡಾದಲ್ಲಿ ಮಧ್ಯಮ ಗಾತ್ರದ ಗಡ್ಡೆಯಿದ್ದ 1,317 ಮಂದಿಯ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2001ರಲ್ಲಿ ಹೊರಬಂತು. ಕಣ್ಣು ತೆಗೆಸಿಕೊಂಡವರಲ್ಲೂ ವಿಕಿರಣ ಪಡೆದು ಕಣ್ಣು ಉಳಿಸಿಕೊಂಡವರಲ್ಲೂ ಐದು ವರ್ಷ ಬದುಕಿದವರು ಹೆಚ್ಚುಕಡಿಮೆ ಶೇ. 80ರಷ್ಟೇ. ಕಣ್ಣು ಉಳಿಸಿಕೊಳ್ಳುವುದು ಜೀವದ ಮೇಲಿನ ಜೂಜಲ್ಲ ಎಂದು ರೋಗಿಗೆ ಧೈರ್ಯವಾಗಿ ಹೇಳಲು ಬಂದದ್ದು ಆಮೇಲೆ.

ಈ ವಿಕಿರಣಕ್ಕೆ ಬಳಸುವುದು ವಿಕಿರಣ ಸೂಸುವ, ಪ್ಲಾಕ್ ಎಂಬ ಪುಟ್ಟ, ಬಾಗಿದ ತಟ್ಟೆ. ಗಡ್ಡೆಯಿರುವ ಜಾಗಕ್ಕೆ ಸರಿಯಾಗಿ ಅದನ್ನು ಕಣ್ಣುಗುಡ್ಡೆಯ ಹೊರಗೋಡೆಗೆ ಹೊಲಿದು, ಲೆಕ್ಕ ಹಾಕಿದ ಪ್ರಮಾಣ ಒಳಹೋದ ಮೇಲೆ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ಬಿಚ್ಚುತ್ತಾರೆ. ರುಥೇನಿಯಂ-106 ಪ್ಲಾಕನ್ನು ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ ಈಗ ದೇಶದಲ್ಲೇ ತಯಾರಿಸುತ್ತದೆ. ಹೊರದೇಶದ್ದಕ್ಕೇ ಕಾಯಬೇಕಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಅನುಕೂಲ. ತೀರ ದಪ್ಪ ಗಡ್ಡೆಗೆ ರುಥೇನಿಯಂ ಸಾಲದು. ಕಣ್ಣು ಉಳಿದರೂ ವಿಕಿರಣದಿಂದ ಮುಂದೆ ದೃಷ್ಟಿ ಕುಗ್ಗಬಹುದು. ಗಡ್ಡೆ ಬಹಳ ದೊಡ್ಡದಾಗಿದ್ದರೆ ಕಣ್ಣು ತೆಗೆದು ಕೃತಕ ಕಣ್ಣು ಕೂರಿಸುತ್ತಾರೆ. ವಿಜಯಪುರದವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಅಲ್ಲಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲೂ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲೂ ಕಣ್ಣಿನ ಕ್ಯಾನ್ಸರಿಗೆ ಪ್ರತ್ಯೇಕ ವಿಭಾಗವಿದೆ.

ಕಣ್ಣಿನ ಚಿಕಿತ್ಸೆ ಗೆದ್ದರೂ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕ್ಯಾನ್ಸರ್ ರಕ್ತದ ಮೂಲಕ ಬೇರೆಡೆ ಹರಡುತ್ತದೆ. ಅದು ಹೆಚ್ಚಾಗಿ ಸೇರುವುದು ಯಕೃತ್ತನ್ನು, ಕೆಲವೊಮ್ಮೆ ಹತ್ತು ವರ್ಷ ಕಳೆದ ಮೇಲೂ. ಗಡ್ಡೆಯ ಕೋಶಗಳಲ್ಲಿ ಮೂರನೆಯ ವರ್ಣತಂತುವಿನ ಒಂದು ಪ್ರತಿ ಕಳೆದುಹೋಗಿದ್ದರೆ ಅಪಾಯ ಹೆಚ್ಚು. ಹರಡಿದ ರೋಗಕ್ಕೆ ಟೆಬೆಂಟಾಫಸ್ಪ್ ಎಂಬ ಔಷಧಿಗೆ 2022ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದು ಆಯುಷ್ಯವನ್ನು ಕೆಲವು ತಿಂಗಳು ಹೆಚ್ಚಿಸುತ್ತದೆ, ಅದೂ ನಿರ್ದಿಷ್ಟ ಅಂಗಾಂಶ ಗುಂಪಿನವರಿಗೆ ಮಾತ್ರ. ಆದ್ದರಿಂದ ಚಿಕಿತ್ಸೆ ಮುಗಿದ ಬಳಿಕವೂ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಕಣ್ಣಿನ ಜೊತೆ ಯಕೃತ್ತಿನ ಸ್ಕ್ಯಾನನ್ನೂ ವರ್ಷಾನುಗಟ್ಟಲೆ ಮಾಡಿಸಬೇಕಾಗುತ್ತದೆ.