ಮಗುವಿನ ಕೈಗೊಂದು ಬಿದಿರು ಬಿಲ್ಲು

ಶಾಲೆ ಶುರುವಾಗುವ ಮುಂಚೆ ಸಮವಸ್ತ್ರ ಹೊಲಿಸುವಾಗ ದರ್ಜಿಗೆ ಹೇಳುವ ಮಾತು ಎಲ್ಲ ಮನೆಯಲ್ಲೂ ಒಂದೇ. 'ಸ್ವಲ್ಪ ದೊಡ್ಡದಾಗಿಯೇ ಇರಲಿ, ಬೆಳೆಯೋ ಮಗು.' ಶೂ, ಸೈಕಲ್ಲು, ರೇನ್‌ಕೋಟು ಎಲ್ಲಕ್ಕೂ ಈ ಲೆಕ್ಕ ನಡೆಯುತ್ತದೆ. ಬಿಲ್ಲಿಗೆ ಮಾತ್ರ ನಡೆಯುವುದಿಲ್ಲ. ಮುಂದಿನ ವರ್ಷಕ್ಕೂ ಆಗಲಿ ಎಂದು ಬಿಗಿ ಬಿಲ್ಲು ಕೊಡಿಸಿದರೆ ಮಗು ಅದನ್ನು ಈ ವರ್ಷವೇ ಅಟ್ಟಕ್ಕೆ ಸೇರಿಸುತ್ತದೆ. ಸೇರಿಸುವ ಮೊದಲು ನಾಲ್ಕು ಕೆಟ್ಟ ಅಭ್ಯಾಸವನ್ನೂ ಕಲಿತಿರುತ್ತದೆ. ಭುಜ ಕಿವಿಯವರೆಗೆ ಏರುತ್ತದೆ, ಸೊಂಟ ಹಿಂದಕ್ಕೆ ವಾಲುತ್ತದೆ, ಗುರಿ ಕಣ್ಣಿಗೆ ಕೂರುವ ಮೊದಲೇ ಹೆದೆ ಬೆರಳಿಂದ ಜಾರುತ್ತದೆ. ಇದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಬೇಸಿಗೆ ಶಿಬಿರದಿಂದ ಬಂದ ಮಕ್ಕಳು ಬಿಲ್ಲು ಬೇಕೆಂದು ಹಟ ಹಿಡಿದಾಗ ಅಪ್ಪ ಅಮ್ಮ ಮೊದಲು ನೋಡುವುದು ಒಲಿಂಪಿಕ್ಸ್‌ನಲ್ಲಿ ಕಾಣುವ, ಕಂಬಿ, ತೂಕ, ಗುರಿಕಿಂಡಿಗಳಿರುವ ಲೋಹದ ಬಿಲ್ಲನ್ನು. ಅದಕ್ಕೆ ಅವಸರ ಬೇಡ. ನಮ್ಮಲ್ಲಿ ಇಂಡಿಯನ್ ರೌಂಡ್ ಎಂಬ ಸ್ಪರ್ಧಾ ವಿಭಾಗವೇ ಇದೆ. ಬಿದಿರಿನ ಬಿಲ್ಲು, ಬಿದಿರು ಅಥವಾ ಮರದ ಬಾಣ, ನಿಜವಾದ ಗರಿ. ಗುರಿ ಹಿಡಿಯಲು ಯಾವ ಸಲಕರಣೆಯೂ ಇಲ್ಲ, ಕಣ್ಣೇ ಗತಿ. ದೊಡ್ಡವರು 50 ಮತ್ತು 30 ಮೀಟರ್ ದೂರದಿಂದ ಬಿಡುತ್ತಾರೆ. ಜಾರ್ಖಂಡ್‌ನ ಎಷ್ಟೋ ಮಕ್ಕಳು ಬಿಲ್ವಿದ್ಯೆಗೆ ಕಾಲಿಡುವುದು ಇದೇ ಬಾಗಿಲಿನಿಂದ. ರಾಂಚಿ ಬಳಿಯ ದೀಪಿಕಾ ಕುಮಾರಿ ಮನೆಯಲ್ಲೇ ಮಾಡಿದ ಬಿದಿರು ಬಿಲ್ಲು ಹಿಡಿದು ಶುರುಮಾಡಿದವರು. 1988, 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ ಆಡಿದ ಲಿಂಬಾ ರಾಮ್ ರಾಜಸ್ಥಾನದ ಉದಯಪುರ ಜಿಲ್ಲೆಯ ಆದಿವಾಸಿ ಹುಡುಗ. ಆಧುನಿಕ ಬಿಲ್ಲು ಕೈಗೆ ಬರುವ ಮೊದಲು ಅವರಿಗೆ ಗೊತ್ತಿದ್ದದ್ದು ಊರಿನ ಬಿದಿರು ಬಿಲ್ಲೇ.

ಮಗುವಿನ ಅಳತೆಗೇ ಬಿಲ್ಲು ಮಾಡುವ ವಿವೇಕ ನಮ್ಮ ನೆಲದಲ್ಲೂ ಇತ್ತು. ಕೊಡವರಲ್ಲಿ ಗಂಡುಮಗು ಹುಟ್ಟಿದ ಕೂಡಲೇ ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲು, ಅದೇ ಗಿಡದ ಎಲೆತೊಟ್ಟಿನ ಬಾಣವನ್ನು ಕೈಗಿಡುವ ಪದ್ಧತಿಯನ್ನು ರಿಕ್ಟರ್ 1870ರ ತನ್ನ ಕೊಡಗಿನ ಕೈಪಿಡಿಯಲ್ಲಿ ದಾಖಲಿಸಿದ್ದಾನೆ. ಮೇಘಾಲಯದ ಖಾಸಿಗಳಲ್ಲೂ ಗಂಡುಮಗುವಿನ ನಾಮಕರಣದಲ್ಲಿ ಬಿಲ್ಲು ಮತ್ತು ಮೂರು ಬಾಣ ಇಡುತ್ತಾರೆ. ಹೆಣ್ಣುಮಕ್ಕಳಿಗೆ ಈ ಎರಡೂ ಕಡೆ ಬಿಲ್ಲಿನ ಯೋಗ ಇರಲಿಲ್ಲ. ಇವತ್ತು ದೇಶದ ಬಿಲ್ಲುಗಾರರಲ್ಲಿ ಜನ ಮೊದಲು ನೆನೆಯುವುದು ದೀಪಿಕಾ ಹೆಸರನ್ನೇ ಎಂಬುದನ್ನು ಇಲ್ಲಿ ಹೇಳಲೇಬೇಕು.

ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಎರಡು ಕೆಲಸ ಮುಗಿಸಿಕೊಳ್ಳಿ. ಮಗುವನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಎರಡೂ ತೋಳು ಚಾಚಿಸಿ, ನಡುಬೆರಳಿನ ತುದಿಯಿಂದ ತುದಿಗೆ ಟೇಪು ಹಿಡಿಯಿರಿ. ಬಂದ ಅಂಗುಲಗಳನ್ನು ಎರಡೂವರೆಯಿಂದ ಭಾಗಿಸಿದರೆ ಆ ಮಗು ಹೆದೆಯನ್ನು ಎಲ್ಲಿಯವರೆಗೆ ಸೆಳೆಯಬಲ್ಲದು ಎಂಬ ಅಂದಾಜು ಸಿಗುತ್ತದೆ. 50 ಅಂಗುಲ ಚಾಚಿದರೆ 20 ಅಂಗುಲದ ಸೆಳೆತ. ಎರಡನೆಯದು ಕಣ್ಣಿನ ಪರೀಕ್ಷೆ. ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಗೋಡೆಯ ಕ್ಯಾಲೆಂಡರಿನ ಒಂದು ತಾರೀಖನ್ನು ಅದರೊಳಗಿಂದ ನೋಡಲು ಹೇಳಿ, ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣು ತೆರೆದಿರುವಾಗ ತಾರೀಖು ಕಿಂಡಿಯಲ್ಲೇ ಉಳಿಯುತ್ತದೋ ಅದು ಮುಂದಾಳು ಕಣ್ಣು. ಬಲಗಣ್ಣು ಮುಂದಾಳಾದರೆ ಬಲಗೈ ಸೆಳೆಯಲಿ, ಎಡಗೈ ಬಿಲ್ಲು ಹಿಡಿಯಲಿ. ಬರೆಯುವ ಕೈ ಯಾವುದೇ ಇದ್ದರೂ ಹೊಸಬರಿಗೆ ಕಣ್ಣಿನ ಮಾತು ಕೇಳುವುದೇ ಲೇಸು.

ಬಿಲ್ಲಿನ ಬಿಗಿಯನ್ನು ಪೌಂಡ್‌ನಲ್ಲಿ ಬರೆದಿರುತ್ತಾರೆ. ಆ ಅಂಕಿ ಸಾಮಾನ್ಯವಾಗಿ ದೊಡ್ಡವರ ಸೆಳೆತಕ್ಕೆ, ಅಂದರೆ 28 ಅಂಗುಲಕ್ಕೆ ಲೆಕ್ಕ ಹಾಕಿದ್ದು. 20 ಪೌಂಡ್ ಎಂದು ಬರೆದ ಬಿಲ್ಲನ್ನು 20 ಅಂಗುಲ ಮಾತ್ರ ಎಳೆಯುವ ಮಗುವಿನ ಬೆರಳಿಗೆ ಬೀಳುವ ಭಾರ ಹನ್ನೆರಡರ ಆಸುಪಾಸು. ಎಂಟರಿಂದ ಹತ್ತು ವರ್ಷದವರಿಗೆ ಕೈಗೆ ಬೀಳುವ ಭಾರ 10ರಿಂದ 12 ಪೌಂಡ್ ಸಾಕು, ಹತ್ತು ದಾಟಿದವರಿಗೆ 15. ಅಂಕಿಗಿಂತ ನಂಬಿಕಸ್ಥ ಪರೀಕ್ಷೆ ಒಂದಿದೆ. ಪೂರ್ತಿ ಸೆಳೆದು ಹಿಡಿದು, ಮನಸ್ಸಿನಲ್ಲಿ ಐದು ಎಣಿಸುವವರೆಗೆ ಮಗುವಿನ ಬಿಲ್ಲು ಹಿಡಿದ ಕೈ ನಡುಗದಿದ್ದರೆ ಬಿಲ್ಲು ಅದರದ್ದು. ಎಣಿಸಿದ ಮೇಲೆ ಹೆದೆಯನ್ನು ನಿಧಾನಕ್ಕೆ ವಾಪಸ್ ತರಬೇಕು, ಬಿಟ್ಟುಬಿಡಬಾರದು. ಬಾಣವಿಲ್ಲದೆ ಹೆದೆ ಬಿಟ್ಟರೆ ಬಾಣಕ್ಕೆ ಹೋಗಬೇಕಿದ್ದ ಬಲವೆಲ್ಲ ಬಿಲ್ಲಿನ ರೆಕ್ಕೆಗೇ ತಿರುಗುತ್ತದೆ, ಒಳ್ಳೆಯ ಬಿದಿರೂ ಸೀಳುತ್ತದೆ. ಅಂಗಡಿಯಲ್ಲಿ ಮಕ್ಕಳು ಮೊದಲು ಮಾಡುವುದೇ ಇದನ್ನು!

ಬಿದಿರು ಬಿಲ್ಲನ್ನು ಕೊಳ್ಳುವಾಗ ಮೈ ಸವರಿ ನೋಡಿ. ಗುರಿಯ ಕಡೆಗೆ ತಿರುಗುವ ಮುಖದಲ್ಲಿ ಸಾಮಾನ್ಯವಾಗಿ ಬಿದಿರಿನ ಹೊರಸಿಪ್ಪೆ ಇರುತ್ತದೆ, ಎಳೆತವನ್ನೆಲ್ಲ ತಾಳುವುದು ಅದು. ಅಲ್ಲಿ ಅಡ್ಡ ಗೀರು, ಎದ್ದ ನಾರು ಕಂಡರೆ ವಾಪಸ್ ಇಡಿ. ಹೆದೆ ಏರಿಸಿ ದೂರ ನಿಂತು ನೋಡಿದಾಗ ಮೇಲಿನ ರೆಕ್ಕೆ, ಕೆಳಗಿನ ರೆಕ್ಕೆ ಒಂದೇ ಸಮ ಬಾಗಿರಬೇಕು. ಮಧ್ಯ ಭಾರತದ ಹಳ್ಳಿಗಳಲ್ಲಿ ಹೆದೆಯೂ ಬಿದಿರಿನದೇ, ತೆಳ್ಳಗೆ ಸೀಳಿದ ಸಿಪ್ಪೆಯದು. ಮಗುವಿಗೆ ಪಾಲಿಯೆಸ್ಟರ್ ದಾರದ ಹೆದೆಯೇ ಮೃದು. ಆಟ ಮುಗಿದ ಮೇಲೆ ಹೆದೆ ಇಳಿಸಿ, ಬಿಸಿಲು ತಾಗದ ಕಡೆ ಅಡ್ಡಡ್ಡ ಇಡಿ. ಗೋಡೆಗೆ ಒರಗಿಸಿಟ್ಟರೆ ಬಿಲ್ಲು ಒಂದು ಕಡೆಗೆ ಜೋಲುತ್ತದೆ.

ನನ್ನ ಕೇಳಿದರೆ ಬಿಲ್ಲಿಗೆ ಕೊಡುವ ದುಡ್ಡಿಗಿಂತ ಬಾಣಕ್ಕೆ ಕೊಡುವ ದುಡ್ಡು ಹೆಚ್ಚಿರಲಿ. ಸಾಧಾರಣ ಬಿಲ್ಲಿನಿಂದ ಒಳ್ಳೆಯ ಬಾಣ ಗುರಿ ಮುಟ್ಟುತ್ತದೆ, ಒಳ್ಳೆಯ ಬಿಲ್ಲಿನಿಂದ ಕೆಟ್ಟ ಬಾಣ ಎಲ್ಲಿಗೋ ಹೋಗುತ್ತದೆ. ಹೆದೆ ಬಿಟ್ಟ ಕ್ಷಣ ಬಾಣ ಅಲುಗಾಡದ ಕೋಲಿನ ಹಾಗೆ ಹೋಗುವುದಿಲ್ಲ. ಬಳುಕಿ, ಬಿಲ್ಲಿನ ಮಗ್ಗುಲು ಸುತ್ತಿಕೊಂಡು ಮುಂದೆ ಸಾಗುತ್ತದೆ. ದೊಡ್ಡವರ ಗಡಸು ಬಾಣವನ್ನು ಮಕ್ಕಳ ಮೆದು ಬಿಲ್ಲಿಗೆ ಹೂಡಿದರೆ ಅದಕ್ಕೆ ಬಳುಕಲು ಬಲ ಸಾಲದು. ಬಲಗೈಯಲ್ಲಿ ಸೆಳೆಯುವ ಮಗುವಿನ ಬಾಣ ಪ್ರತಿಸಲವೂ ಎಡಕ್ಕೆ ಬೀಳುತ್ತದೆ. 'ಸರಿಯಾಗಿ ನೋಡಿ ಹೊಡಿ' ಎಂದು ಗದರುವ ಅಪ್ಪನಿಗೆ ಇದು ಗೊತ್ತಿರುವುದಿಲ್ಲ.

ಬಾಣವನ್ನು ಮೇಜಿನ ಗಾಜಿನ ಮೇಲೆ ಉರುಳಿಸಿ, ಕುಣಿದರೆ ಸೊಟ್ಟ ಎಂದರ್ಥ. ಎರಡೂ ತುದಿ ಹಿಡಿದು ಮೆಲ್ಲಗೆ ಬಗ್ಗಿಸಿ ಕಿವಿಗೊಡಿ, ಚಿಟ್ ಎಂದರೆ ಒಳಗೆ ಬಿರುಕಿದೆ, ಮುರಿದು ಎಸೆಯಿರಿ. ಮುರಿಯದೆ ಇಟ್ಟರೆ ಮಕ್ಕಳು ಕಸದಬುಟ್ಟಿಯಿಂದ ಎತ್ತಿಕೊಂಡು ಬರುತ್ತಾರೆ. ಬಿದಿರಿನ ಬಾಣವಾದರೆ ಹೆದೆ ಕೂರುವ ಸೀಳಿನ ಬುಡದಲ್ಲೇ ಒಂದು ಗಿಣ್ಣು ಇದೆಯೇ ನೋಡಿ, ಹೆದೆಯ ಹೊಡೆತಕ್ಕೆ ಬಾಣ ಸೀಳದಂತೆ ತಡೆಯುವುದು ಆ ಗಿಣ್ಣು. ಮೂರು ಗರಿಗಳೂ ಹಕ್ಕಿಯ ಒಂದೇ ಪಕ್ಕದ ರೆಕ್ಕೆಯವಾಗಿರಬೇಕು. ಎಡ ಬಲ ಬೆರೆಸಿದರೆ ಬಾಣ ಗಾಳಿಯಲ್ಲಿ ತೊನೆಯುತ್ತದೆ. ಬಾಣ ಬಿಲ್ಲಿನ ಮೈ ಸವರಿಕೊಂಡೇ ಹೋಗುವುದರಿಂದ ಪ್ಲಾಸ್ಟಿಕ್ ಗರಿ ಬೇಡ. ನಿಜವಾದ ಗರಿ ಮಡಚಿಕೊಂಡು ದಾರಿ ಬಿಡುತ್ತದೆ, ಪ್ಲಾಸ್ಟಿಕ್ಕಿನದು ಬಡಿದು ಪುಟಿಯುತ್ತದೆ. ಗರಿಯ ಮುಂದಿನ ಚೂಪು ತುದಿಯನ್ನು ದಾರ ಸುತ್ತಿ ಮುಚ್ಚಿರಬೇಕು, ಇಲ್ಲವಾದರೆ ಅದು ಬಿಲ್ಲು ಹಿಡಿದ ಕೈಯ ಗೆಣ್ಣನ್ನು ಬ್ಲೇಡಿನಂತೆ ಕೊಯ್ಯುತ್ತದೆ.

ಸೆಳೆಯುವುದು ತೋರು, ನಡು, ಉಂಗುರ ಬೆರಳುಗಳಿಂದ. ಹೆಬ್ಬೆರಳಿಗೆ ಕೆಲಸವಿಲ್ಲ. ಏಕಲವ್ಯನ ಗೌರವಕ್ಕೆ ಹೆಬ್ಬೆರಳು ಮುಟ್ಟಿಸುವುದಿಲ್ಲ ಎಂದು ಭೀಲರು ಹೇಳುವುದುಂಟು. ಒಲಿಂಪಿಕ್ಸ್‌ನಲ್ಲೂ ಹೀಗೇ ಬೆರಳಿಂದಲೇ ಸೆಳೆಯುತ್ತಾರೆ, ದ್ರೋಣರು ಕೇಳಿದ ದಕ್ಷಿಣೆಯಿಂದ ಇಂದಿನ ಸ್ಪರ್ಧೆಯಲ್ಲಿ ಏಕಲವ್ಯನಿಗೆ ನಷ್ಟವೇನೂ ಆಗುತ್ತಿರಲಿಲ್ಲ! ಬೆರಳಿಗೆ ಚರ್ಮದ ತುಂಡು, ಬಿಲ್ಲು ಹಿಡಿದ ಮುಂಗೈಗೆ ಪಟ್ಟಿ ಇವೆರಡನ್ನು ಬಿಲ್ಲಿನ ಜೊತೆಗೇ ಕೊಳ್ಳಿ. ಹೆದೆ ಒಮ್ಮೆ ಮುಂಗೈಗೆ ಬಡಿದು ಬಾಸುಂಡೆ ಎದ್ದರೆ ಮಗು ಮುಂದಿನ ಬಾಣವನ್ನು ಹೆದರಿಕೊಂಡೇ ಬಿಡುತ್ತದೆ.

ಮಕ್ಕಳ ಬಿಲ್ಲಾದರೂ ಕಣ್ಣು ಕಳೆಯಬಲ್ಲದು. ಅಪಾರ್ಟ್‌ಮೆಂಟಿನ ತಾರಸಿ ಇದಕ್ಕೆ ಜಾಗವಲ್ಲ. ಗುರಿಯ ಹಿಂದೆ ಮಣ್ಣಿನ ದಿಬ್ಬವೋ ಗೋಡೆಯೋ ಇರಬೇಕು, ಎಲ್ಲರ ಬಾಣ ಮುಗಿದು ಬಿಲ್ಲು ಕೆಳಗಿಟ್ಟ ಮೇಲೆಯೇ ಯಾರಾದರೂ ಗೆರೆ ದಾಟಬೇಕು. ಗುರಿಯಿಂದ ಬಾಣ ಕೀಳುವಾಗ ಅದರ ಹಿಂದೆ ಯಾರೂ ನಿಲ್ಲಬಾರದು, ತಟ್ಟನೆ ಹೊರಬಂದ ಬಾಣದ ಹಿಂತುದಿ ಮುಖಕ್ಕೆ ನುಗ್ಗುತ್ತದೆ. ಹಕ್ಕಿ, ಅಳಿಲು, ಬೀದಿನಾಯಿ ಯಾವುದೂ ಗುರಿಯಲ್ಲ ಎಂಬುದನ್ನು ಮೊದಲ ದಿನವೇ ಹೇಳಿಬಿಡಿ.

ಹುಲ್ಲಿನ ಪಿಂಡಿಗೆ ಗೋಣಿಚೀಲ ಸುತ್ತಿದರೆ ಗುರಿ ಸಿದ್ಧ. ಶುರುವಿನಲ್ಲಿ ಐದು ಮೀಟರ್ ದೂರ ಸಾಕು, ಬಿಟ್ಟ ಬಾಣಗಳೆಲ್ಲ ಚೀಲಕ್ಕೆ ತಾಗತೊಡಗಿದ ಮೇಲೆ ಎರಡು ಹೆಜ್ಜೆ ಹಿಂದೆ ಹೋಗಲಿ. ಮಗು ಬೆಳೆದಂತೆ ಬಿಲ್ಲಿಗಿಂತ ಮೊದಲು ಬದಲಾಗಬೇಕಾದದ್ದು ಬಾಣ. ಸೆಳೆತಕ್ಕಿಂತ ಅದು ಎರಡು ಅಂಗುಲವಾದರೂ ಉದ್ದವಿರಬೇಕು. ಸೆಳೆದಾಗ ಮೊನೆ ಬಿಲ್ಲಿನ ಹಿಡಿಗೆ ಸಮೀಪಿಸುತ್ತಿದ್ದರೆ ಆ ಬಾಣಗಳನ್ನು ತಮ್ಮನಿಗೋ ತಂಗಿಗೋ ದಾಟಿಸಿ, ಮತ್ತೊಮ್ಮೆ ಟೇಪು ಹಿಡಿದು ತೋಳು ಅಳೆಯಿರಿ.