ಗಡ್ಡದ ನೊರೆಯಲ್ಲಿ ಯಾರ ಕೊಬ್ಬು?

‘ಇದ್ರಾಗೆ ದನದ ಕೊಬ್ಬು ಐತೇನ್ರಿ?’ ಶೇವಿಂಗ್ ಸೋಪು ಹಿಡಿದ ಗಿರಾಕಿ ಹೀಗೆ ಕೇಳಿದರೆ ಅಂಗಡಿಯವರು ತಬ್ಬಿಬ್ಬು. 1983ರ ವನಸ್ಪತಿ ಕಲಬೆರಕೆ ಹಗರಣ ಕಂಡ ಹಳಬರಿಗೆ ಈ ಗುಮಾನಿ ಹೊಸದಲ್ಲ.

ಉತ್ತರ ಪೊಟ್ಟಣದ ಬೆನ್ನಿಗೇ ಇದೆ. ‘ಟ್ಯಾಲೋವೇಟ್’ ಎಂದಿದ್ದರೆ ಪ್ರಾಣಿ ಕೊಬ್ಬು, ಹೆಚ್ಚಾಗಿ ದನ ಇಲ್ಲವೇ ಕುರಿಯದು. ‘ಪಾಮೇಟ್’ ಅಂದ್ರೆ ತಾಳೆ ಎಣ್ಣೆ. ‘ಸ್ಟಿಯರಿಕ್ ಆಸಿಡ್’ ಮಾತ್ರ ಎರಡೂ ಮನೆಯ ನೆಂಟ; ತಾಳೆಯಿಂದಲೂ ಬರುತ್ತೆ, ಕೊಬ್ಬಿನಿಂದಲೂ ಬರುತ್ತೆ. ಅಲ್ಲಿ ಹಸಿರು ಚುಕ್ಕೆ ಹುಡುಕುವುದೇ ಗತಿ.

ಕೊಬ್ಬಿನ ಸೋಪೇ ನುಣ್ಣಗೆ ಜಾರುತ್ತೆ ಅನ್ನುವವರುಂಟು. ಪೂರಾ ನಿಜವಲ್ಲ. ಗಟ್ಟಿ ನೊರೆ ಕಟ್ಟುವುದೇ ಈ ಸ್ಟಿಯರಿಕ್; ಅದರ ಮೂಲ ಕತ್ತಿಗೇನು ಗೊತ್ತು? ಬರೀ ಕೊಬ್ಬರಿ ಎಣ್ಣೆಯದಾದರೆ ನೊರೆ ಬುಸ್ಸನೆ ಎದ್ದು, ಅರ್ಧ ಗಡ್ಡಕ್ಕೇ ಇಳಿದೀತು.

ಕಟಿಂಗ್ ಶಾಪಿನಲ್ಲೇ ಕಷ್ಟ. ಬಟ್ಟಲಿಗೆ ಬಿದ್ದ ಸೋಪಿಗೆ ಚೀಟಿ ಇರೋಲ್ಲ. ಮಡಿಯವರು ತಮ್ಮ ಸೋಪು ತಾವೇ ಒಯ್ಯಬೇಕು.