ಹಾಡು ಕಟ್ಟಿದವನ ಹೆಸರು

ಹಾಡು ಹಾಡಿದವನದೋ, ಕಟ್ಟಿದವನದೋ? ರೇಡಿಯೋ ಕೇಳುವ ನಾವು ಇದನ್ನು ವಿಚಾರಿಸುವುದು ಕಡಿಮೆ. ಅಮೆರಿಕದ ಹಾಯ್ಟ್ ಆಕ್ಸ್‌ಟನ್ನನ ಬಾಳನ್ನು ಕಂಡಾಗ ಈ ಪ್ರಶ್ನೆ ಏಳದೆ ಇರದು.

ಆತ 1938ರಲ್ಲಿ ಒಕ್ಲಹೋಮದ ಡಂಕನ್ ಊರಿನಲ್ಲಿ ಜನಿಸಿದ. ತಾಯಿ ಮೇ ಶಾಲಾ ಶಿಕ್ಷಕಿ. 1956ರಲ್ಲಿ ಎಲ್ವಿಸ್ ಪ್ರೆಸ್ಲಿಯನ್ನು ದೇಶವಿಖ್ಯಾತನನ್ನಾಗಿ ಮಾಡಿದ ‘ಹಾರ್ಟ್‌ಬ್ರೇಕ್ ಹೋಟೆಲ್’ ಗೀತೆಯ ರಚನೆಯಲ್ಲಿ ಆಕೆಯ ಪಾಲಿತ್ತು. ಮಗನೂ ಗಿಟಾರು ಹಿಡಿದ. ಮಂದ್ರದ ಗಂಭೀರ ಕಂಠ ಅವನದು. ಆದರೇನು, ಅವನ ಹಾಡುಗಳು ಪರರ ಬಾಯಲ್ಲಿಯೇ ಬೆಳಗಿದವು. ಮಾದಕದ್ರವ್ಯ ಮಾರುವವನನ್ನು ಶಪಿಸುವ ‘ದಿ ಪುಷರ್’ ಗೀತೆಯನ್ನು ಸ್ಟೆಪನ್‌ವುಲ್ಫ್ ತಂಡ ಹಾಡಿತು. ಅದು ‘ಈಸಿ ರೈಡರ್’ (1969) ಚಿತ್ರದಲ್ಲಿಯೂ ಕೇಳಿಬಂದಿತು. ಕಪ್ಪೆಯ ಹೆಸರಿನಿಂದ ಆರಂಭವಾಗುವ ತಮಾಷೆಯ ಹಾಡು ‘ಜಾಯ್ ಟು ದಿ ವರ್ಲ್ಡ್’ ಥ್ರೀ ಡಾಗ್ ನೈಟ್ ತಂಡದವರಿಂದ 1971ರಲ್ಲಿ 6 ವಾರ ಅಗ್ರಸ್ಥಾನದಲ್ಲಿ ಮೆರೆಯಿತು. ಮರುವರ್ಷ ಎಲ್ವಿಸನೇ ವೇದಿಕೆಯ ಮೇಲೆ ‘ನೆವರ್ ಬೀನ್ ಟು ಸ್ಪೇನ್’ ಹಾಡಿದ. ತಾಯಿಯ ಹಾಡಿನಿಂದ ಮೇಲೆದ್ದವನ ಕಂಠದಲ್ಲಿ ಈಗ ಮಗನ ಹಾಡು! ಆ ತಾಯಿಗೆ ಏನೆನಿಸಿತೋ.

ಮುಂದೆ ಹಾಯ್ಟ್ ತನ್ನದೇ ರೆಕಾರ್ಡ್ ಸಂಸ್ಥೆಯನ್ನು ತೆರೆದು, ಅದಕ್ಕೆ ಆ ಕಪ್ಪೆಯ ಹೆಸರನ್ನೇ ಇಟ್ಟ: ಜೆರಮಾಯ. ‘ಡೆಲ್ಲಾ ಅಂಡ್ ದಿ ಡೀಲರ್’ (1979) ಹಾಡನ್ನು ಸ್ವಂತ ಕಂಠದಿಂದಲೇ ಹಾಡಿ ಜನಪ್ರಿಯಗೊಳಿಸಿದ.

ಸಿನಿಮಾದಲ್ಲಿ ದೊರೆತದ್ದು ಸಣ್ಣಪುಟ್ಟ ಪಾತ್ರಗಳು. ‘ದಿ ಬ್ಲ್ಯಾಕ್ ಸ್ಟ್ಯಾಲಿಯನ್’ (1979) ಚಿತ್ರದಲ್ಲಿ ಹಡಗಿನ ದುರಂತದಲ್ಲಿ ಮಡಿಯುವ ತಂದೆ. ‘ಗ್ರೆಮ್ಲಿನ್ಸ್’ (1984) ಚಿತ್ರದಲ್ಲಿ ಕೈಕೊಡುವ ಯಂತ್ರಗಳನ್ನೇ ತಯಾರಿಸುವ ಅಪ್ಪ. ಆ ಸ್ಥೂಲಕಾಯ, ಆ ಪೆಚ್ಚುನಗೆ ಕಂಡ ಮಕ್ಕಳಿಗೆ ಆತ ಹಾಡು ಕಟ್ಟುವವನೆಂದು ತಿಳಿದಿರಲಾರದು.

1999ರ ಅಕ್ಟೋಬರ್ 26ರಂದು, 61ನೆಯ ವಯಸ್ಸಿನಲ್ಲಿ, ಆತ ಮೊಂಟಾನಾದಲ್ಲಿ ತೀರಿಕೊಂಡ.